ಕಿವಿಗೆ ಬಿದ್ದಷ್ಟನ್ನೇ ಬರೆಯುವ ಕಸುಬು

ಮ ಮತ್ತು ರ, ಎರಡೇ ವ್ಯಂಜನ. ಮರ, ಮರಿ, ಮಾರಿ, ಮಾರು, ಮುರಿ, ಮೂರು, ಮೀರು, ಮೇರೆ, ಮೊರೆ, ಮೋರೆ. ಪಿಟ್‌ಮನ್ ಪದ್ಧತಿಯ ಶೀಘ್ರಲಿಪಿಯಲ್ಲಿ, ಅಂದರೆ ಶಾರ್ಟ್‌ಹ್ಯಾಂಡಿನಲ್ಲಿ, ಈ ಹತ್ತೂ ಪದಗಳಿಗೆ ಎಲುಬು, ಎಂದರೆ ವ್ಯಂಜನಗಳ ಗೆರೆ, ಒಂದೇ. ಕಮಾನಿನ ಹಾಗೆ ಬಾಗಿದ ಅಡ್ಡ ಗೆರೆ ಮ, ಅದರ ತುದಿಯಿಂದ ಬಲಕ್ಕೆ ಮೇಲೇರುವ ನೇರ ಗೆರೆ ರ. ಪೆನ್ಸಿಲ್ ಎತ್ತದೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹತ್ತರಲ್ಲಿ ಯಾವುದು ಎಂದು ಹೇಳುವವು ಸ್ವರಗಳು; ವೇಗ ಹೆಚ್ಚಿದಂತೆ ಬಿಡುತ್ತ ಹೋಗಬೇಕಾದದ್ದೂ ಆ ಸ್ವರಗಳನ್ನೇ. ಕಲಿಯುವವರು ಎಡವುವುದು ಇಲ್ಲೇ.

ಕಲಬುರಗಿಯಲ್ಲಿ ಶಾರ್ಟ್‌ಹ್ಯಾಂಡ್ ಇನ್ನೂ ಅನ್ನ ಕೊಡುವ ವಿದ್ಯೆ. ಹೈಕೋರ್ಟು 2008ರಲ್ಲಿ ಸಂಚಾರಿ ಪೀಠವಾಗಿ ಇಲ್ಲಿಗೆ ಬಂತು, 2013ರಲ್ಲಿ ಕಾಯಂ ಪೀಠವಾಯಿತು. ಜಿಲ್ಲಾ ನ್ಯಾಯಾಲಯಗಳಿಗೂ ಕಚೇರಿಗಳಿಗೂ ಸ್ಟೆನೋ ಬೇಕು. ಬೀದರ್, ಯಾದಗಿರಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಕಲಿಯುವ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ, "ಎಂಬತ್ತರ ಸ್ಪೀಡ್ ಎಷ್ಟ್ ತಿಂಗಳಿಗಿ ಬರ್ತದ್ರಿ ಸರ್?" ಎಂಬುದು. ಎಂಬತ್ತು ಎಂದರೆ ನಿಮಿಷಕ್ಕೆ ಎಂಬತ್ತು ಪದ. ಪರೀಕ್ಷೆ ಅಳೆಯುವುದು ಸ್ಪೀಡನ್ನೇ ಆದ್ದರಿಂದ ಪ್ರಶ್ನೆ ಸಹಜ. ಆದರೆ ಕೈಗಿಂತ ಮೊದಲು ಪಳಗಬೇಕಾದದ್ದು ಕಿವಿ. ಅಕ್ಷರ ಕಲಿತ ಮೇಲೆ ನಮ್ಮ ಕಿವಿ ಸೋಮಾರಿಯಾಗುತ್ತದೆ. ಕೇಳಿದ್ದನ್ನು ಮನಸ್ಸು ಕಾಗುಣಿತಕ್ಕೆ ತಿರುಗಿಸಿಕೊಂಡು, ಕಾಗುಣಿತದಲ್ಲಿ ಇದ್ದುದೇ ಕೇಳಿಸಿತು ಎಂದು ನಂಬುತ್ತದೆ. ಐಸಾಕ್ ಪಿಟ್‌ಮನ್ 1837ರಲ್ಲಿ ತಮ್ಮ ಪದ್ಧತಿಯನ್ನು ಪ್ರಕಟಿಸಿದಾಗ ಅದಕ್ಕೆ ಇಟ್ಟ ಹೆಸರಿನಲ್ಲೇ 'ಸೌಂಡ್-ಹ್ಯಾಂಡ್' ಎಂಬ ಮಾತಿತ್ತು, ಅಂದರೆ ಧ್ವನಿಯ ಬರಹ. ಕಾಗುಣಿತವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಎಂಬುದು ಅದರ ಮೊದಲ ಷರತ್ತು.

ಹತ್ತು ಪದಗಳಿಗೆ ಮರಳೋಣ. ಪಿಟ್‌ಮನ್‌ನಲ್ಲಿ ಸ್ವರಕ್ಕೆ ಮೂರು ಸ್ಥಾನ: ಗೆರೆಯ ಆರಂಭ, ನಡು, ಕೊನೆ. ಇಂಗ್ಲಿಷಿನ ಹಂಚಿಕೆಯಲ್ಲಿ ದಪ್ಪ ಚುಕ್ಕೆ ಆರಂಭದಲ್ಲಿದ್ದರೆ ಆ, ನಡುವಿದ್ದರೆ ಏ, ಕೊನೆಗಿದ್ದರೆ ಈ. ದಪ್ಪ ಗೀಟು ನಡುವಿದ್ದರೆ ಓ, ಕೊನೆಗಿದ್ದರೆ ಊ. ತೆಳು ಚುಕ್ಕೆ, ತೆಳು ಗೀಟು ಹ್ರಸ್ವಗಳಿಗೆ. ಈ ಸ್ಥಾನ ಪದದ ಎಲುಬಿಗೆ, ಅಂದರೆ ಇಡೀ ಔಟ್‌ಲೈನಿಗೂ ಅನ್ವಯಿಸುತ್ತದೆ. ಪದದ ಮೊದಲ ಸ್ವರ ಒಂದನೆಯ ಸ್ಥಾನದ್ದಾದರೆ ರೂಲಿನಿಂದ ಮೇಲಕ್ಕೆತ್ತಿ, ಎರಡನೆಯದಾದರೆ ರೂಲಿಗೆ ತಾಗಿಸಿ, ಮೂರನೆಯದಾದರೆ ರೂಲನ್ನು ಸೀಳಿ ಬರೆಯಬೇಕು. ಹಾಗೆ ಮಾರಿ ಮೇಲೆ ನಿಲ್ಲುತ್ತದೆ, ಮೇರೆ ಮತ್ತು ಮೋರೆ ರೂಲಿನ ಮೇಲೆ ಕೂರುತ್ತವೆ, ಮೂರು ಮತ್ತು ಮೀರು ರೂಲನ್ನು ದಾಟುತ್ತವೆ. ಒಂದು ಚುಕ್ಕೆಯನ್ನೂ ಇಡದೆ ಪದಗಳು ಮೂರು ಗುಂಪಾದವು. ಮ ಅಡ್ಡ ಗೆರೆಯಾದ್ದರಿಂದ ಅದು ರೂಲನ್ನು ಸೀಳಲಾರದು, ಸ್ಥಾನ ತೋರಿಸುವುದು ಮುಂದಿನ ಏರುಗೆರೆಯ ಕೆಲಸ. ಇದನ್ನು ಮರೆತು ಮ-ಕಾರವನ್ನೇ ನೋಡಿ ಎತ್ತರ ಹಿಡಿದವರ ಪುಟ ಆ ಹೊತ್ತಿಗೆ ಓದಿಸಿಕೊಳ್ಳುತ್ತದೆ, ಮೂರನೆಯ ದಿನಕ್ಕೆ ಕೈಕೊಡುತ್ತದೆ.

ಇಂಗ್ಲಿಷಿಗೆ ಇನ್ನೊಂದು ಅನುಕೂಲವಿದೆ. ಪದ ರ ಧ್ವನಿಗೇ ನಿಂತರೆ ಕೆಳಗಿಳಿಯುವ ರ, ರ ಆದಮೇಲೆ ಸ್ವರ ಉಳಿದಿದ್ದರೆ ಮೇಲೇರುವ ರ. ಸ್ವರವನ್ನು ಬರೆಯದೆಯೇ ಸ್ವರವಿದೆ ಎಂದು ತಿಳಿಸುವ ಜಾಣತನ ಇದು. ಕನ್ನಡಕ್ಕೆ ಬಂದಾಗ ಈ ಉಪಾಯ ಮೊಂಡಾಗುತ್ತದೆ. ಬರಹದ ಕನ್ನಡದಲ್ಲಿ ಹೆಚ್ಚುಕಡಿಮೆ ಪ್ರತಿ ಪದವೂ ಸ್ವರಕ್ಕೇ ಮುಗಿಯುವುದರಿಂದ, ಕೊನೆಗೆ ಸ್ವರವಿದೆ ಎಂಬ ಸೂಚನೆಯಿಂದ ಹೊಸದೇನೂ ತಿಳಿಯುವುದಿಲ್ಲ. ಯಾವ ಸ್ವರ ಎಂಬುದೇ ಬೇಕು. ಆದ್ದರಿಂದ ಎರಡು ವ್ಯಂಜನದ ಪದಕ್ಕೆ ಕೊನೆಯ ಸ್ವರದ ಗುರುತನ್ನು ಎಷ್ಟೇ ಅವಸರವಿದ್ದರೂ ಇಡಬೇಕು. ನ್ಯಾಯಾಲಯ, ಅರ್ಜಿದಾರ, ತಹಸೀಲ್ದಾರರು ಇಂಥ ಉದ್ದ ಪದಗಳ ಚುಕ್ಕೆಗಳನ್ನು ಧೈರ್ಯವಾಗಿ ಬಿಡಬಹುದು, ಎಲುಬೇ ಅವನ್ನು ಹೇಳುತ್ತದೆ. ಬಹಳ ಮಂದಿ ಇದನ್ನು ತಿರುಗುಮುರುಗು ಮಾಡುತ್ತಾರೆ. ದೊಡ್ಡ ಪದ ಕಂಡು ಹೆದರಿ ಅದಕ್ಕೆಲ್ಲ ಚುಕ್ಕೆ ತುಂಬಿ, ಚಿಕ್ಕ ಪದವನ್ನು ಬರೀ ಎಲುಬಾಗಿ ಬಿಟ್ಟು ಮುಂದೆ ಓಡುತ್ತಾರೆ.

ವ್ಯಂಜನಗಳ ವಿಷಯದಲ್ಲಿ ಕನ್ನಡದ ಮಗುವಿಗೆ ಅರ್ಧ ಪಾಠ ಮೊದಲೇ ಬಂದಿರುತ್ತದೆ. ಪ-ಬ, ತ-ದ, ಚ-ಜ, ಕ-ಗ ಜೋಡಿಗಳಿಗೆ ಗೆರೆ ಒಂದೇ, ತೆಳುವಾದರೆ ಅಘೋಷ, ದಪ್ಪವಾದರೆ ಘೋಷ. ವರ್ಗದ ಮೊದಲ ಮತ್ತು ಮೂರನೆಯ ಅಕ್ಷರಗಳ ನಂಟನ್ನು ವರ್ಣಮಾಲೆಯೇ ಕಲಿಸಿದೆ. ಕಷ್ಟವಿರುವುದು ಕೈಯಲ್ಲಿ. ಬಾಲ್‌ಪೆನ್ನನ್ನು ಎಷ್ಟು ಒತ್ತಿದರೂ ಗೆರೆ ಅಗಲವಾಗದು, ಅದಕ್ಕೇ ಪೆನ್ಸಿಲ್ ಅಥವಾ ಬಾಗುವ ನಿಬ್ಬಿನ ಪೆನ್ನು ಬೇಕು. ದಪ್ಪ ಗೆರೆಗೆ ಬಲ ಹಾಕಬೇಡಿ, ತೆಳು ಗೆರೆಯನ್ನು ಇನ್ನಷ್ಟು ಹಗುರ ಮಾಡಿ. ಬಲ ಹಾಕಿದ ಕೈ ಐದನೆಯ ನಿಮಿಷಕ್ಕೆ ಸೋಲುತ್ತದೆ, ಆಮೇಲೆ ಎಲ್ಲ ಗೆರೆಯೂ ಒಂದೇ ದಪ್ಪ. ಮೊನೆ ಮಾಡಿದ ಮೂರ್ನಾಲ್ಕು ಪೆನ್ಸಿಲ್ ಎದುರಿಗಿರಲಿ. ಮೇಲ್ಗಡೆ ಸುರುಳಿ ಇರುವ ನೋಟ್‌ಬುಕ್ಕಿನ ಪುಟದ ನಡುವೆ ಒಂದು ಉದ್ದ ಗೀಟೆಳೆದುಕೊಂಡರೆ ಸಾಲು ಅರ್ಧವಾಗಿ ಕೈಯ ಓಡಾಟ ಕಡಿಮೆಯಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ಅಂಗೈ ಬೆವರಿ ಕಾಗದ ಒದ್ದೆಯಾಗುತ್ತದೆ, ಒದ್ದೆ ಕಾಗದದ ಮೇಲೆ ಎಲ್ಲವೂ ಘೋಷಾಕ್ಷರವಾಗುತ್ತದೆ. ಅಂಗೈ ಕೆಳಗೆ ಒಂದು ದಪ್ಪ ಹಾಳೆ ಇಟ್ಟುಕೊಳ್ಳಿ.

ಇನ್ನೊಂದು ದೋಷ ಗೆರೆಯ ಅಳತೆಯದು. ಗೆರೆಯನ್ನು ಅರ್ಧಕ್ಕಿಳಿಸಿದರೆ ಅದಕ್ಕೆ ತ ಅಥವಾ ದ ಸೇರಿದೆ ಎಂದರ್ಥ. ವೇಗದಲ್ಲಿ ಕೈ ಎಲ್ಲ ಗೆರೆಗಳನ್ನೂ ಕುಗ್ಗಿಸುತ್ತದೆ. ಬರೆದಿಳಿಸುವಾಗ ಯಾರೂ ಆಡದ ತ, ದ ಎದ್ದು ಬರುತ್ತವೆ. ಪೂರ್ತಿ ಗೆರೆ ಸುಮಾರು ನಾಲ್ಕೈದು ಮಿಲಿಮೀಟರ್ ಇರಲಿ. ಒಬ್ಬೊಬ್ಬರ ಅಳತೆ ಬೇರೆ ಇರಬಹುದು, ಮೊದಲ ನಿಮಿಷದ ಅಳತೆ ಹತ್ತನೆಯ ನಿಮಿಷಕ್ಕೂ ಉಳಿದರೆ ಸಾಕು.

ಕನ್ನಡಕ್ಕೆ ಹೊಂದಿಸುವಾಗ ಇಂಗ್ಲಿಷಿಗೆ ಇಲ್ಲದ ಮೂರು ತೊಡಕು ಎದುರಾಗುತ್ತವೆ. ಬಿಡು-ಬೀಡು, ಕೊಡು-ಕೋಡು ಎಂಬಲ್ಲಿ ಸ್ವರದ ಉದ್ದವೇ ಅರ್ಥ. ಕತೆ-ಕತ್ತೆ, ಬಳಿ-ಬಳ್ಳಿ ಎಂಬಲ್ಲಿ ವ್ಯಂಜನದ ಒತ್ತೇ ಅರ್ಥ. ಹಲ್ಲಿ-ಹಳ್ಳಿ, ಮನೆ-ಮಣೆ, ಕೊಲೆ-ಕೊಳೆ ಎಂಬಲ್ಲಿ ನಾಲಿಗೆ ಹಲ್ಲಿನ ಹಿಂದಿದೆಯೋ ಮೇಲಕ್ಕೆ ಮಡಚಿದೆಯೋ ಎಂಬುದೇ ಅರ್ಥ. ಕೊಲೆಯ ಮೊಕದ್ದಮೆಯಲ್ಲಿ ಕೊನೆಯ ಜೋಡಿ ಎಷ್ಟು ದೊಡ್ಡದು ಎಂದು ಹೇಳಬೇಕಿಲ್ಲ.

ನಮ್ಮ ಭಾಗದ ಮಾತಿಗೆ ಬಂದರೆ ಮೊದಲು ಕೇಳಬೇಕಾದದ್ದು ಬ್ಯಾಡ, ಮ್ಯಾಲ, ಹ್ಯಾಂಗ ಎಂಬಲ್ಲಿನ ಸ್ವರ. ಕನ್ನಡ ಲಿಪಿಯಲ್ಲಿ ಅದಕ್ಕೆ ಗುರುತಿಲ್ಲ, ಆದ್ದರಿಂದ ಯ-ಒತ್ತು ಕೊಟ್ಟು ದೀರ್ಘ ಹಾಕುತ್ತೇವೆ. ಬಾಯಲ್ಲಿ ಅಲ್ಲಿ ಯ-ಕಾರ ಇಲ್ಲ, ಬಾಯಿ ಅಗಲ ಮಾಡಿದ ಒಂದೇ ಸ್ವರವಿದೆ. ವಿದ್ಯಾ ಎಂಬಲ್ಲಿ ಯ-ಕಾರ ನಿಜವಾಗಿ ಇದೆ. ಕಾಗುಣಿತ ಕಣ್ಣಿಗೆ ಕಟ್ಟಿದವರು ಎರಡಕ್ಕೂ ಯ ಸ್ಟ್ರೋಕ್ ಹಾಕುತ್ತಾರೆ, ಬ್ಯಾಡ ಎಂಬ ಎರಡೇ ಗೆರೆಯ ಪದಕ್ಕೆ ಮೂರನೆಯ ಗೆರೆ ಅಂಟಿಕೊಳ್ಳುತ್ತದೆ. ಪಿಟ್‌ಮನ್‌ನಲ್ಲಿ ಇಂಗ್ಲಿಷಿನ 'ದಟ್', 'ಬ್ಯಾಗ್' ಪದಗಳ ಸ್ವರಕ್ಕೆ ಬೇರೆಯೇ ಚುಕ್ಕೆ ಇರುವುದರಿಂದ ಕಲಬುರಗಿಯ ಬ್ಯಾಡ ಅಲ್ಲಿ ಸಲೀಸಾಗಿ ಕೂರುತ್ತದೆ. ಫ ಮತ್ತು ಝಡ್ ಧ್ವನಿಗಳೂ ಹಾಗೆಯೇ. ಉರ್ದು ಬಲ್ಲವರು ಜಮೀನು ಎಂಬುದರ ಮೊದಲ ಧ್ವನಿಯನ್ನು ಹಲ್ಲಿನಿಂದ ಸುಯ್ಯಿಸುತ್ತಾರೆ, ಹೊಲದ ರೈತ ಜ ಎಂದೇ ಅನ್ನುತ್ತಾನೆ. ಅಚ್ಚಿನ ಕನ್ನಡದಲ್ಲಿ ಇಬ್ಬರ ಮಾತೂ ಒಂದೇ ಆಗುತ್ತದೆ. ಶೀಘ್ರಲಿಪಿಯಲ್ಲಿ ಎರಡಕ್ಕೂ ಬೇರೆ ಬೇರೆ ಗೆರೆ ಇದೆ. ದಖನಿ, ತೆಲುಗು, ಮರಾಠಿ, ಲಂಬಾಣಿ ಒಂದೇ ಸಂತೆಯಲ್ಲಿ ಕೇಳಿಬರುವ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಿಗೆ ಧ್ವನಿಯನ್ನೇ ಬರೆಯುವ ಲಿಪಿ ಇಷ್ಟು ಚೆನ್ನಾಗಿ ಒಗ್ಗುತ್ತದೆ.

ಈಗ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. "ಅವ ಹೊಲಕ್ಕ ಹೋಗ್ಯಾನಂತ." ಹೋಗ್ಯಾನ ಎಂದರೆ ಹೋಗಿದ್ದಾನೆ, ಹೋಗ್ಯಾಳ ಎಂದರೆ ಹೋಗಿದ್ದಾಳೆ, ಹೋಗ್ಯಾರ ಎಂದರೆ ಹೋಗಿದ್ದಾರೆ. ನ, ಳ, ರ ಎಂಬ ಒಂದೇ ಧ್ವನಿಯಲ್ಲಿ ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬುದೆಲ್ಲ ಅಡಗಿದೆ. ಅದರ ಬಾಲಕ್ಕೆ ಅಂಟಿದ 'ಅಂತ' ಇನ್ನೂ ತೂಕದ್ದು. ಹೇಳುವವನು ಕಣ್ಣಾರೆ ನೋಡಿಲ್ಲ, ಯಾರೋ ಹೇಳಿದ್ದನ್ನು ಹೇಳುತ್ತಿದ್ದಾನೆ. ಕೋರ್ಟಿನಲ್ಲಿ ಕಂಡ ಮಾತಿಗೂ ಕೇಳಿದ ಮಾತಿಗೂ ಬೆಲೆ ಬೇರೆ. ಪುಟದ ಮೇಲೆ ಆ ಅಂತ ಒಂದು ಸಣ್ಣ ಕೊಕ್ಕೆ, ಒಂದು ಅರ್ಧ ಮಾಡಿದ ಗೆರೆ, ಅಷ್ಟೇ. ವಾಕ್ಯದ ಕೊನೆಗೆ ಮಾತಾಡುವವನ ಉಸಿರು ಮುಗಿದಿರುತ್ತದೆ, ದನಿ ತಗ್ಗಿರುತ್ತದೆ, ಬರೆಯುವವನ ಕೈ ಮುಂದಿನ ವಾಕ್ಯಕ್ಕೆ ಜಿಗಿಯಲು ಕಾದಿರುತ್ತದೆ. ಕನ್ನಡ ತನ್ನ ಮುಖ್ಯ ಸಂಗತಿಗಳನ್ನೆಲ್ಲ ಪದದ ಬಾಲದಲ್ಲಿಡುತ್ತದೆ: ಯಾರು ಮಾಡಿದ್ದು, ಮಾಡಿದನೋ ಇಲ್ಲವೋ, ಕಂಡದ್ದೋ ಕೇಳಿದ್ದೋ. ಕಿವಿಯೂ ಕೈಯೂ ಸಡಿಲ ಬೀಳುವುದೂ ಅದೇ ಬಾಲದಲ್ಲಿ. ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಬಂದವರಿಗೆ ಕನ್ನಡ ಸುಲಭವೆಂದು ನಂಬಿ ಬರುವವರು ಮೊದಲು ತಪ್ಪುವುದು ಇಲ್ಲಿ. ಇಂಗ್ಲಿಷಿನಲ್ಲಿ 'ಹಿ', 'ಶಿ', 'ನಾಟ್' ಎಲ್ಲ ಬೇರೆ ಪದಗಳಾಗಿ ಕ್ರಿಯಾಪದಕ್ಕೆ ಅಂಟದೆ ನಿಲ್ಲುತ್ತವೆ.

ಅಭ್ಯಾಸಕ್ಕೆ ಒಂದು ಗಟ್ಟಿ ಕ್ರಮವಿದೆ. ಪಠ್ಯದಲ್ಲಿ ಪ್ರತಿ 20 ಪದಕ್ಕೆ ಒಂದು ಓರೆಗೀಟು ಹಾಕಿ. 80ರ ವೇಗಕ್ಕೆ ಒಂದು ಗೀಟಿನಿಂದ ಇನ್ನೊಂದಕ್ಕೆ 15 ಸೆಕೆಂಡ್, 100ರ ವೇಗಕ್ಕೆ 12. ಓದಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮೊದಲು ನಿಮ್ಮ ವೇಗದಲ್ಲಿ, ಆಮೇಲೆ ಅದಕ್ಕಿಂತ 20 ಹೆಚ್ಚಿಸಿ, ಕೊನೆಗೆ 10 ಹೆಚ್ಚಿಸಿ ಅದೇ ಪಠ್ಯವನ್ನು ಬರೆಯಿರಿ. ನಡುವಿನ ಓಟದಲ್ಲಿ ಪದಗಳು ತಪ್ಪಿಹೋಗುತ್ತವೆ, ಹೋಗಲಿ. ಮೂರನೆಯದು ನಿಧಾನವೆನಿಸುವುದೇ ಅದರ ಲಾಭ. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಸ್ಟೆನೋ ಪರೀಕ್ಷೆಯಲ್ಲಿ ಹತ್ತು ನಿಮಿಷದ ಡಿಕ್ಟೇಶನ್, ಡಿ ದರ್ಜೆಗೆ ನಿಮಿಷಕ್ಕೆ 80 ಪದ, ಸಿ ದರ್ಜೆಗೆ 100, ಅದೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಈ ಅಂಕಿಯನ್ನು ಕನ್ನಡಕ್ಕೆ ಹಾಗೇ ಹೊರಿಸಬಾರದು. 'ಹೋಗಬೇಕಾಗಿತ್ತು' ಕನ್ನಡದಲ್ಲಿ ಒಂದೇ ಪದ, ಬಾಯಲ್ಲಿ ಆರು ಅಕ್ಷರ. ಎಂಬತ್ತು ಕನ್ನಡ ಪದ ಎಂದರೆ ಕೈಗೆ ಎಷ್ಟೋ ಹೆಚ್ಚಿನ ಕೆಲಸ.

ಇಷ್ಟೆಲ್ಲ ಒದ್ದಾಟ ಏಕೆ, ರೆಕಾರ್ಡರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ರೆಕಾರ್ಡರ್ ಹುಟ್ಟಿದ್ದೇ ಶೀಘ್ರಲಿಪಿಯ ಮನೆಯಲ್ಲಿ. ಪ್ಯಾರಿಸಿನ ಎಡ್ವಾರ್ಡ್-ಲಿಯೋನ್ ಸ್ಕಾಟ್ ದ ಮಾರ್ಟಿನ್‌ವಿಲ್ ಅಚ್ಚುಕೂಟದ ಮನುಷ್ಯ, 1849ರಲ್ಲಿ ಶೀಘ್ರಲಿಪಿಯ ಇತಿಹಾಸವನ್ನೇ ಬರೆದವರು. ಮಾತು ತನ್ನನ್ನು ತಾನೇ ಬರೆದುಕೊಳ್ಳಲಿ ಎಂಬ ಆಸೆಯಿಂದ 1857ರಲ್ಲಿ ಅವರು ಮಾಡಿದ ಫೋನೊಟೋಗ್ರಾಫ್, ಮಸಿ ಹಿಡಿಸಿದ ಕಾಗದದ ಮೇಲೆ ಧ್ವನಿಯ ಅಲೆಯನ್ನು ಗೀಚುತ್ತಿತ್ತು. ಆ ಗೆರೆಯನ್ನು ಮಾತಾಗಿ ಓದಲು ಯಾರಿಗೂ ಆಗಲಿಲ್ಲ. ಅವರು 1860ರಲ್ಲಿ ಮುದ್ರಿಸಿದ ಒಂದು ಹಾಡಿನ ತುಣುಕು ಕಂಪ್ಯೂಟರಿನ ನೆರವಿನಿಂದ ಮತ್ತೆ ದನಿಯಾದದ್ದು 2008ರಲ್ಲಿ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿ, ಮರುವರ್ಷ ಅದರ ಉಪಯೋಗಗಳ ಪಟ್ಟಿ ಕೊಟ್ಟಾಗ ಮೊದಲಿಗೆ ಇಟ್ಟದ್ದು ಸ್ಟೆನೋಗ್ರಾಫರ್ ಇಲ್ಲದೆ ಪತ್ರ ಹೇಳಿ ಬರೆಸುವುದನ್ನು. ಫೋನೋಗ್ರಾಫನ್ನು ಸುಧಾರಿಸಿದ ಗ್ರಾಫೋಫೋನ್ ಯಂತ್ರಕ್ಕೆ ಹಣ ಹಾಕಿ ಕಂಪನಿ ಕಟ್ಟಿದವರಲ್ಲಿ ಜೇಮ್ಸ್ ಕ್ಲೆಫೇನ್, ಆಂಡ್ರ್ಯೂ ಡಿವೈನ್ ಎಂಬ ಅಮೆರಿಕದ ವರದಿಗಾರ ಸ್ಟೆನೋಗಳೇ ಇದ್ದರು.

ನಮ್ಮ ಭಾಗದ ದನಿ ಆ ಕಾಲದ ದೊಡ್ಡ ದಾಖಲೆಯಲ್ಲಿ ಸೇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆಯಿಂದ ಹೈದರಾಬಾದ್ ಸಂಸ್ಥಾನ ಹೊರಗಿತ್ತು, ಈ ಮೂರು ಜಿಲ್ಲೆಗಳ ನೆಲ ಆಗ ನಿಜಾಮರ ಕೆಳಗಿತ್ತು. ಬೀಸುವ ಪದ, ಹಂತಿ ಪದ, ಮೊಹರಂನ ರಿವಾಯತ್ ಹಾಡುವ ಹಿರಿಯರ ಮುಂದೆ ಇಂದು ಫೋನ್ ಹಿಡಿದು ಕೂರುವವರು ಆ ಖಾಲಿ ಜಾಗವನ್ನು ತುಂಬುತ್ತಿದ್ದಾರೆ. ಹಾಗೆ ಕೂರುವವರಿಗೆ ಕೆಲವು ಮಾತು.

ಫೋನಿನ ಮಾಮೂಲಿ ರೆಕಾರ್ಡರ್ ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಸೆಟ್ಟಿಂಗಿನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಸ್, ಮೊನೊ ಆರಿಸಿ. 16 ಬಿಟ್ ಆದರೆ ಗಂಟೆಗೆ ಸುಮಾರು 345 ಎಂಬಿ, 24 ಬಿಟ್ ಆದರೆ 518 ಎಂಬಿ. 32 ಜಿಬಿ ಕಾರ್ಡಿನಲ್ಲಿ ಅರವತ್ತು ಗಂಟೆಯಷ್ಟು ಹಿಡಿಯುತ್ತದೆ, ಜಿಪುಣತನ ಬೇಡ. ಸ, ಶ, ಫ ಧ್ವನಿಗಳ ಗುರುತು 4 ಕಿಲೋಹರ್ಟ್ಸಿನ ಮೇಲೆ ಬಹಳ ಇದೆ. ಹಳೆಯ ಟೆಲಿಫೋನ್ ಲೈನ್ ಒಯ್ಯುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ಮಾತ್ರ, ಫೋನಿನಲ್ಲಿ ಹೆಸರು ಹೇಳುವಾಗ ಸ ಮತ್ತು ಫ ಕಲೆಸಿಹೋಗುತ್ತಿದ್ದದ್ದು ಅದಕ್ಕೇ. ಅತಿಯಾಗಿ ಹಿಂಡಿದ ಫೈಲಿನಲ್ಲೂ ಅದೇ ಮೇಲ್ಭಾಗ ಮೊದಲು ಹೋಗುತ್ತದೆ.

ಮೈಕ್ ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ. ದೂರ ಎರಡರಷ್ಟಾದರೆ ದನಿ 6 ಡೆಸಿಬೆಲ್ ತಗ್ಗುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಕಲಬುರಗಿಯ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರಸಿ, ಮೇಲೆ ಆರ್‌ಸಿಸಿ, ನಡುವೆ ಬರಿ ಗೋಡೆ. ಮಾತು ಪ್ರತಿಧ್ವನಿಸಿ ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ನೆಲಕ್ಕೆ ಜಮಖಾನ ಹಾಸಿ, ಮಾತಾಡುವವರ ಬೆನ್ನ ಹಿಂದೆ ಎರಡು ಕೌದಿ ತೂಗುಹಾಕಿದರೆ ದೊಡ್ಡ ವ್ಯತ್ಯಾಸ ಆಗುತ್ತದೆ. ಹಳೆಯ ಕೌದಿ, ಹೆಚ್ಚು ಪದರಿನದು, ಇನ್ನೂ ಒಳ್ಳೆಯದು. ಕೂಲರ್ ನಿಲ್ಲಿಸಲೇಬೇಕು. ಬೇಸಿಗೆಯಲ್ಲಿ ಹಿರಿಯರನ್ನು ಗಾಳಿಯಿಲ್ಲದೆ ಕೂರಿಸುವುದು ತಪ್ಪು, ಆದ್ದರಿಂದ ಬೆಳಿಗ್ಗೆ ಆರೂವರೆಗೆ ಹೋಗಿ, ಹತ್ತು ನಿಮಿಷಕ್ಕೊಮ್ಮೆ ಫ್ಯಾನು ಹಾಕಿ, ನೀರು ಕೊಟ್ಟು, ಮತ್ತೆ ಶುರುಮಾಡಿ.

ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ದನಿಯ ಮಟ್ಟವನ್ನು ತಾನಾಗಿ ಏರಿಳಿಸುವ ವ್ಯವಸ್ಥೆ ಮತ್ತು ಗದ್ದಲ ಅಳಿಸುವ ವ್ಯವಸ್ಥೆ. ಮೊದಲನೆಯದು ಮಾತು ನಿಂತ ಕೂಡಲೇ ಹಿನ್ನೆಲೆಯನ್ನು ಎತ್ತುತ್ತದೆ, ಮಾತು ಶುರುವಾದ ಕೂಡಲೇ ಒತ್ತುತ್ತದೆ. ಎರಡನೆಯದು ಮೆತ್ತಗಿನ ದನಿಯನ್ನು ಗದ್ದಲವೆಂದು ತಿಳಿದು ನುಂಗುತ್ತದೆ. ವಾಕ್ಯದ ಕೊನೆಗೆ ತಗ್ಗಿದ 'ಅಂತ', 'ಇಲ್ಲ', 'ಯಾಳ' ಎಲ್ಲ ಅದರ ಬಾಯಿಗೆ ಬೀಳುತ್ತವೆ. ಪೆನ್ಸಿಲ್ ಸೋತ ಜಾಗದಲ್ಲೇ ಯಂತ್ರವೂ ಸೋಲುತ್ತದೆ. ಎರಡನ್ನೂ ಆಫ್ ಮಾಡಿ, ಜೋರು ಮಾತಿನ ತುದಿ ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ಕೈಯಿಂದಲೇ ಹೊಂದಿಸಿ. ಮಾತನ್ನು ಬರಹವಾಗಿಸುವ ತಂತ್ರಾಂಶಗಳಿಗೂ ಇನ್ನೊಂದು ಬಗೆಯ ಇದೇ ರೋಗವಿದೆ. ಹೋಗ್ಯಾನ ಎಂದರೆ ಅವು ತಮಗೆ ಪರಿಚಯವಿರುವ ಬರಹದ ರೂಪದ ಕಡೆಗೆ ವಾಲುತ್ತವೆ. ಕಾಗುಣಿತ ಕಣ್ಣಿಗೆ ಕಟ್ಟಿದ ಸ್ಟೆನೋ ಮಾಡುವ ತಪ್ಪು ಇದೇ.

ಹಾಗೆಂದು ರೆಕಾರ್ಡರಿನ ಹೆಚ್ಚುಗಾರಿಕೆ ಸಣ್ಣದಲ್ಲ. "ಬಂದಾನ" ಎಂಬುದನ್ನು ಇಳಿದನಿಯಲ್ಲಿ ಅಂದರೆ ಸುದ್ದಿ, ಏರಿಸಿ ಅಂದರೆ ಪ್ರಶ್ನೆ. ಗೆರೆಯಲ್ಲಿ ಆ ಏರಿಳಿತ ಇಲ್ಲ. ಅಳು, ತಡವರಿಕೆ, ಉತ್ತರಕ್ಕೆ ಮುಂಚಿನ ಮೌನ ಯಾವುದಕ್ಕೂ ಸ್ಟ್ರೋಕ್ ಇಲ್ಲ. ಆದ್ದರಿಂದ ಎರಡನ್ನೂ ಒಟ್ಟಿಗೆ ನಡೆಸುವುದೇ ಸರಿ. ರೆಕಾರ್ಡರ್ ಓಡುತ್ತಿರಲಿ, ನೋಟ್‌ಬುಕ್ಕಿನ ಎಡ ಅಂಚಿನಲ್ಲಿ ಎರಡು ನಿಮಿಷಕ್ಕೊಮ್ಮೆ ಅದರ ಸಮಯ ಗುರುತಿಸಿ. ಪೂರ್ತಿ ಮಾತನ್ನು ಬರೆಯಬೇಕಿಲ್ಲ. ಊರಿನ ಹೆಸರು, ಮನುಷ್ಯರ ಹೆಸರು, ಅಂಕಿ, ಸಂದೇಹ ಬಂದ ಪದ, ಮತ್ತು ಪ್ರತಿ ವಾಕ್ಯದ ಕ್ರಿಯಾಪದದ ಬಾಲ, ಇಷ್ಟನ್ನು ಬಿಡದೆ ಬರೆಯಿರಿ. ಸಂದೇಹವಿದ್ದರೆ ಅಲ್ಲೇ ಕೇಳಿ: "ಯಜಮಾನ್ರ, ನೀವ್ ನೋಡೀರೋ, ಯಾರರ ಹೇಳ್ಯಾರೋ?" ಒಂದು ಗಂಟೆಯ ಮಾತನ್ನು ರೆಕಾರ್ಡರಿನಿಂದಲೇ ಇಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಅಂಚಿನಲ್ಲಿ ಸಮಯ ಇದ್ದರೆ ಹುಡುಕಾಟದ ಹೊತ್ತಾದರೂ ಉಳಿಯುತ್ತದೆ. ಲ-ಳ ಸಂದೇಹ ಉಳಿದರೆ ಧ್ವನಿ ವಿಶ್ಲೇಷಿಸುವ ಪ್ರಾಟ್ ತಂತ್ರಾಂಶದಲ್ಲಿ ಆ ತುಣುಕಿನ ಸ್ಪೆಕ್ಟ್ರೋಗ್ರಾಮ್, ಅಂದರೆ ಧ್ವನಿಯನ್ನು ಪಟ್ಟಿಗಳಾಗಿ ತೋರಿಸುವ ಚಿತ್ರ, ತೆರೆಯಿರಿ, ನಾಲಿಗೆ ಮಡಚಿದ ಧ್ವನಿಯ ಹತ್ತಿರ ಮೂರನೆಯ ಪಟ್ಟಿ ಕೆಳಗೆ ಬಾಗಿರುತ್ತದೆ.

ಮೂಲ ಫೈಲನ್ನು ಕತ್ತರಿಸಬೇಡಿ, ಸ್ವಚ್ಛ ಮಾಡಬೇಡಿ, ಪ್ರತಿ ತೆಗೆದು ಅದರ ಮೇಲೆ ಕೆಲಸ ಮಾಡಿ. ನ್ಯಾಯಾಲಯಕ್ಕೆ ಹೋಗುವ ಧ್ವನಿಮುದ್ರಣವಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲು ಸ್ವಲ್ಪ ಬದಲಾದರೂ ಬದಲಾಗುವ ಗುರುತು ಸಂಖ್ಯೆ, ಬರೆಯಬೇಕು. ಮುದ್ರಣ ಆದ ದಿನವೇ ಹ್ಯಾಶ್ ತೆಗೆದಿಟ್ಟುಕೊಂಡರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ.

ನೋಟ್‌ಬುಕ್ಕಿಗೂ ಒಂದು ಕಾಪು ಬೇಕು. ಪ್ರತಿಯೊಬ್ಬ ಸ್ಟೆನೋ ತನ್ನದೇ ಕೆಲವು ಕಿರುಗುರುತು ಮಾಡಿಕೊಂಡಿರುತ್ತಾನೆ, ಅವು ಇನ್ನೊಬ್ಬರಿಗೆ ಓದಲು ಬರುವುದಿಲ್ಲ, ಎಷ್ಟೋ ಸಲ ಹತ್ತು ವರ್ಷದ ಮೇಲೆ ತನಗೇ ಬರುವುದಿಲ್ಲ. ಮೊದಲ ಪುಟದಲ್ಲಿ ದಿನಾಂಕ, ಊರು, ಮಾತಾಡಿದವರ ಮನೆಮಾತು, ಫೈಲಿನ ಹೆಸರು. ಕೊನೆಯ ಪುಟದಲ್ಲಿ ಸ್ವಂತದ ಕಿರುಗುರುತುಗಳ ಪಟ್ಟಿ, ಪಕ್ಕದಲ್ಲಿ ಪೂರ್ತಿ ಕನ್ನಡ ಕಾಗುಣಿತ. ಪೆನ್ಸಿಲ್ ಗೆರೆ ಎದುರು ಪುಟಕ್ಕೆ ಉಜ್ಜಿ ಮಾಸುತ್ತದೆ. ದಪ್ಪ-ತೆಳು ಅಳಿದರೆ ಬ ಪ ಆಗುತ್ತದೆ. ಆದ್ದರಿಂದ ಬರೆದ ವಾರದೊಳಗೆ ಪುಟಗಳ ಫೋಟೋ ತೆಗೆದು ಆಡಿಯೋ ಫೈಲಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ.